ಆನೆಗೊಂದಿಯಲ್ಲಿ ಹಳೆ ಮನೆ ಹಿಡಿದು ಕೆಫೆ ತೆರೆದರೆ ಊರಿನ ಸಣ್ಣ ಅಂಗಡಿಗಳಿಗೆ ತೊಂದರೆ ಆಗುತ್ತಾ?

ನೀವು ಬೆಂಗಳೂರಿನವರು. ತುಂಗಭದ್ರೆಯ ದಡದಲ್ಲಿ, ಹಂಪಿಯ ಎದುರಿಗಿರುವ ಆನೆಗೊಂದಿಯಲ್ಲಿ ಒಂದು ಹಳೆ ಮನೆ ಬಾಡಿಗೆಗೆ ಹಿಡಿದು ಕೆಫೆ ಮಾಡುವ ಆಸೆ ಇದೆ, ಆದರೆ ಊರಿನವರ ಹೊಟ್ಟೆ ಮೇಲೆ ಹೊಡೆದಂತೆ ಆಗಬಾರದು ಅಂತ ಕೇಳಿದ್ದೀರಿ. ಮನೆ ಹಿಡಿಯುವ ಮೊದಲೇ ಇದನ್ನು ಕೇಳಿದ್ದು ನನಗೆ ನಿಜಕ್ಕೂ ಖುಷಿ ಆಯಿತು. ತೊಂದರೆ ಆಗಬಹುದು. ಆದರೆ ನೀವು ಅಂದುಕೊಂಡಿರುವ ಕಡೆಯಿಂದ ಅಲ್ಲ.

ನಾನು ಇದೇ ಊರಿನವಳು. ನಾನು ಮತ್ತು ನಮ್ಮ ಮನೆಯವರು ಚಹಾ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಅಂಗಡಿ ನಡೆಸುತ್ತೇವೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತೇವೆ. ಮೊದಲು ಬರುವವರು ಬಾಳೆ ತೋಟಕ್ಕೆ, ಭತ್ತದ ಗದ್ದೆಗೆ ಹೋಗುವವರು. ಅವರಲ್ಲಿ ಅರ್ಧ ಮಂದಿಯದು ಉದ್ರಿ, ಸುಗ್ಗಿಯಲ್ಲಿ ತೀರಿಸುತ್ತಾರೆ. ಪ್ರವಾಸಿಗರ ಮುಖ ಕಾಣುವುದು ಒಂಬತ್ತರ ಮೇಲೆ. ನಿಮ್ಮ ಕೆಫೆಯ ಕಾಫಿ ಕುಡಿಯುವವರು ನಮ್ಮ ಗಿರಾಕಿಗಳಲ್ಲ. ಆ ಭಯ ಬೇಡ.

ನಮ್ಮನ್ನು ಹಳೆ ಜಾಗದಿಂದ ಎಬ್ಬಿಸಿದ್ದು ಬಾಡಿಗೆ. ಮೊದಲು ನಮ್ಮ ಅಂಗಡಿ ಮುಖ್ಯ ರಸ್ತೆಯಲ್ಲೇ ಇತ್ತು, ತಿಂಗಳಿಗೆ 1,800 ರೂಪಾಯಿ. ಪಕ್ಕದ ಮಾಳಿಗೆ ಮನೆಯನ್ನು, ಅಂದರೆ ಮಣ್ಣಿನ ಚಾವಣಿಯ ಹಳೆ ಮನೆಯನ್ನು, ಹೊರಗಿನವರೊಬ್ಬರು 15,000ಕ್ಕೆ ಹಿಡಿದರು. ಒಳ್ಳೆಯ ಜನ, ನಮ್ಮಲ್ಲೇ ಬಂದು ಚಹಾ ಕುಡಿಯುತ್ತಿದ್ದರು. ಆದರೆ ಆ 15,000 ಅನ್ನೋ ಮಾತು ಒಂದೇ ವಾರದಲ್ಲಿ ಓಣಿ ಓಣಿ ತಿರುಗಿತು. ಮರುತಿಂಗಳು ನಮ್ಮ ಮಾಲೀಕರು ಬಂದು 7,000 ಕೇಳಿದರು. ನಮ್ಮ ಹತ್ತಿರ ಬರೆದ ಕರಾರೇ ಇರಲಿಲ್ಲ. ಹಾಗೆ ತಿಂಗಳ ಬಾಡಿಗೆ ಮೇಲೆ ಇರುವವರಿಗೆ 15 ದಿನದ ನೋಟಿಸ್ ಕೊಟ್ಟರೆ ಸಾಕು ಅಂತ ಆಮೇಲೆ ವಕೀಲರು ಹೇಳಿದರು. ಹಿಂದಿನ ಓಣಿಗೆ ಬಂದೆವು. ಐದು ಗಂಟೆಯ ಗಿರಾಕಿಗಳು ಬೆನ್ನಹಿಂದೆಯೇ ಬಂದರು, ದಾರಿಹೋಕರ ವ್ಯಾಪಾರ ಹೋಯಿತು.

ಆ ಹೊರಗಿನವರು ಎರಡನೇ ಬೇಸಿಗೆಗೇ ಬಾಗಿಲು ಹಾಕಿಕೊಂಡು ಹೋದರು. ಇಲ್ಲಿ ಸೀಸನ್ ಅಂದರೆ ಅಕ್ಟೋಬರ್‌ನಿಂದ ಫೆಬ್ರವರಿ. ಡಿಸೆಂಬರ್‌ನಲ್ಲಿ ಹನುಮಮಾಲೆ ಹಾಕಿದ ಭಕ್ತರು ಹನುಮ ಹುಟ್ಟಿದ್ದೆಂದು ನಂಬುವ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಲು ಬರುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಏಪ್ರಿಲ್ ಬಂತೆಂದರೆ ಬಂಡೆಗಳು ಕಾದ ಹಂಚಿನ ಹಾಗೆ, ಮಧ್ಯಾಹ್ನ ರಸ್ತೆಯಲ್ಲಿ ನಾಯಿಯೂ ಇರಲ್ಲ. ಐದು ತಿಂಗಳ ದುಡಿಮೆ ನೋಡಿ ಹನ್ನೆರಡು ತಿಂಗಳಿಗೆ ಬಾಡಿಗೆ ಒಪ್ಪಿದರೆ ಹೀಗೇ ಆಗುತ್ತದೆ. ಅವರು ಹೋದರೂ ಬಾಡಿಗೆ ಮಾತ್ರ ಇಳಿಯಲಿಲ್ಲ.

ಮಾಲೀಕರನ್ನು ಬೈಯಲು ನನಗೆ ಮನಸ್ಸಿಲ್ಲ. ಮಣ್ಣಿನ ಮಾಳಿಗೆ ಪ್ರತಿ ಮಳೆಗಾಲ ಸೋರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. ಬಾಡಿಗೆ ಬಂದಿದ್ದಕ್ಕೇ ನಿಂತಿರುವ ಮನೆಗಳು ನಮ್ಮೂರಲ್ಲಿ ಇವೆ. ಆದರೆ ಮನೆ ಇದ್ದವರಿಗೆ ಲಾಭ, ಅದೇ ಮನೆಯ ಕಟ್ಟೆ ಮೇಲೆ ಬದುಕು ಕಟ್ಟಿಕೊಂಡವರಿಗೆ ಪೆಟ್ಟು. ಈ ವ್ಯತ್ಯಾಸ ಹೊರಗಿನವರಿಗೆ ಬೇಗ ಕಾಣಿಸುವುದಿಲ್ಲ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇನ್ನೊಂದು ಭಯವೂ ನಮಗಿದೆ. 2011ರಲ್ಲಿ ನದಿಯ ಆಚೆ ಹಂಪಿ ಬಜಾರಿನ ಅಂಗಡಿ, ಮನೆಗಳನ್ನು ಒಡೆದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನದಿ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ಅಕ್ರಮ ಅಂತ ನೆಲಸಮವಾದವು. ಅಲ್ಲಿ ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು ಸುತ್ತಲ ಊರಿನವರೇ ಅಲ್ವಾ? ನಮ್ಮ ಊರೂ ಹಂಪಿ ಪ್ರಾಧಿಕಾರದ, ಅಂದರೆ ಹಂಪಿ ಪರಂಪರೆ ಪ್ರದೇಶವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ವ್ಯಾಪ್ತಿಯಲ್ಲೇ ಇದೆ. ಹಾಗಾಗಿ ಒಂದು ಗೋಡೆ ಕಟ್ಟುವ ಮೊದಲೂ ಅನುಮತಿ ಕೇಳಿ. ನಿಮ್ಮ ಕೆಫೆ ಒಡೆದರೆ ನೀವು ಬೆಂಗಳೂರಿಗೆ ಹೋಗಬಹುದು, ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿ ಎಲ್ಲಿಗೆ ಹೋಗಬೇಕು?

ನೀವು ಮಾಡಬಹುದಾದದ್ದು ಇಷ್ಟು. ಯಾರೂ ಅಂಗಡಿ ಇಟ್ಟುಕೊಂಡಿರದ, ಬೀಗ ಬಿದ್ದ ಮನೆಯನ್ನೇ ಹುಡುಕಿ. ಕೇಳಿದ ಬಾಡಿಗೆಗೆ ತಕ್ಷಣ ಹೂಂ ಅನ್ನಬೇಡಿ. ಮುಂಗಡದ ಬದಲು ಮಾಳಿಗೆ ರಿಪೇರಿ ಮಾಡಿಸಿಕೊಡುತ್ತೇನೆ ಅನ್ನಿ, ಎಷ್ಟೋ ಮಾಲೀಕರು ಒಪ್ಪುತ್ತಾರೆ. ಐದು ವರ್ಷದ ಕರಾರು ಮಾಡಿಕೊಂಡು ನೋಂದಣಿ ಮಾಡಿಸಿ, ಒಂದು ವರ್ಷ ದಾಟಿದ ಕರಾರಿಗೆ ಅದು ಬೇಕೇ ಬೇಕು. ಹಾಲು, ಬಾಳೆಹಣ್ಣು, ರೊಟ್ಟಿ ಇಲ್ಲಿಂದಲೇ ಕೊಳ್ಳಿ. ನಮ್ಮೂರ ಹೆಂಗಸರು ಬಾಳೆ ನಾರಿನಲ್ಲಿ ಚೀಲ, ಚಾಪೆ ಹೆಣೆಯುತ್ತಾರೆ. ಅವನ್ನು ಇಟ್ಟುಕೊಳ್ಳಿ, ಆದರೆ ಮಾರಿದ ಮೇಲೆ ಹಣ ಕೊಡುತ್ತೇನೆ ಅನ್ನಬೇಡಿ, ತರುವಾಗಲೇ ಕೊಡಿ. ಬಣ್ಣ ಬಳಿದ ಮರದ ಕಿನ್ನಾಳದ ಗೊಂಬೆ ಬೇಕಾದರೆ ಕಿನ್ನಾಳಕ್ಕೇ ಹೋಗಿ, ಕೊಪ್ಪಳದ ಹತ್ತಿರವೇ ಇದೆ. ಮತ್ತೆ, ನಿಮ್ಮ ಕೆಫೆಯಲ್ಲಿ ಚಹಾ, ಮಿರ್ಚಿ ಮಾರಲೇಬೇಡಿ. ಕೇಳಿದವರನ್ನು ನಮ್ಮ ಕಡೆ ಕಳಿಸಿ.

ಮನೆ ನೋಡಲು ಡಿಸೆಂಬರ್‌ನಲ್ಲಿ ಬರಬೇಡಿ, ಏಪ್ರಿಲ್‌ನಲ್ಲಿ ಬನ್ನಿ. ಬೀಗ ಬಿದ್ದ ಎರಡು ಮನೆ ನನಗೆ ಗೊತ್ತು. ಬೆಳಿಗ್ಗೆ ಐದರ ಮೇಲೆ ಯಾವಾಗ ಬಂದರೂ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ.