ಡೌನ್ ಸಿಂಡ್ರೋಮ್: ‘ಈ ಮಕ್ಕಳೇ ಹಾಗೆ’ ಎಂದು ಬಿಡಬೇಡಿ

ಪ್ರಶ್ನೆ: ನಮ್ಮ ಮಗಳಿಗೆ ಎರಡೂವರೆ ವರ್ಷ, ಡೌನ್ ಸಿಂಡ್ರೋಮ್ ಇದೆ. ನಡೆಯುತ್ತಾಳೆ, ಆದರೆ ‘ಅಮ್ಮ’ ಬಿಟ್ಟರೆ ಮಾತಿಲ್ಲ. ಈಚೆಗೆ ಮಂಕಾಗಿದ್ದಾಳೆ, ಮಲಬದ್ಧತೆಯೂ ಇದೆ, ರಾತ್ರಿ ಗೊರಕೆ. ಕೇಳಿದರೆ ‘ಈ ಮಕ್ಕಳೇ ಹಾಗೆ’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಆ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಡೌನ್ ಸಿಂಡ್ರೋಮ್ ಎಂದರೆ 21ನೇ ವರ್ಣತಂತು ಎರಡರ ಬದಲು ಮೂರಿರುವುದು; ಅದನ್ನು ಯಾರೂ ಬದಲಿಸಲಾರರು. ಆದರೆ ನೀವು ಬರೆದಿರುವ ಲಕ್ಷಣಗಳ ಹಿಂದೆ ಚಿಕಿತ್ಸೆ ಇರುವ ಕಾರಣಗಳೇ ಇರಬಹುದು.

ಮೊದಲು ಕಿವಿ. ಈ ಮಕ್ಕಳ ಕಿವಿಯ ನಾಳ ಕಿರಿದು. ಕಿವಿಪೊರೆಯ ಹಿಂದೆ ಅಂಟು ನೀರು ತುಂಬಿಕೊಳ್ಳುವುದು ತೀರಾ ಸಾಮಾನ್ಯ. ಎಷ್ಟೋ ಸಲ ನೋವೂ ಇಲ್ಲ, ಸೋರುವುದೂ ಇಲ್ಲ, ಹಾಗಾಗಿ ಮನೆಯವರ ಗಮನಕ್ಕೇ ಬರುವುದಿಲ್ಲ. ಮಾತು ಮಸುಕಾಗಿ ಕೇಳಿಸಿದರೆ ಮಗು ಅದನ್ನು ಕಲಿಯುವುದು ಹೇಗೆ? ಹುಟ್ಟಿದಾಗಿನ ಪರೀಕ್ಷೆ ಸರಿಯಿತ್ತೆಂದು ಸುಮ್ಮನಿರಬೇಡಿ. ಟಿಂಪನೋಮೆಟ್ರಿ (ಕಿವಿಪೊರೆಯ ಹಿಂದೆ ನೀರಿದೆಯೇ ಎಂದು ತಿಳಿಸುವ ಪರೀಕ್ಷೆ) ಮತ್ತು ಶ್ರವಣ ಪರೀಕ್ಷೆ ಈಗಲೇ ಮಾಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.

ಮಂಕು, ಮಲಬದ್ಧತೆ ಥೈರಾಯ್ಡ್ ಕೊರತೆಯ ಲಕ್ಷಣಗಳೂ ಹೌದು. ಥೈರಾಯ್ಡ್ ಹೇಗಿದೆ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. ಮಾತ್ರೆ ಬರೆದುಕೊಟ್ಟರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಚಮಚ ನೀರಲ್ಲಿ ಅರೆದು ಕೊಡಿ. ಹಾಲು ಅರ್ಧ ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಟಾನಿಕ್‌ಗೆ ನಾಲ್ಕು ಗಂಟೆ ಅಂತರವಿರಲಿ. ಜೊತೆಯಲ್ಲೇ ಕೊಟ್ಟರೆ ಮಾತ್ರೆ ಮೈಗೆ ಹತ್ತುವುದಿಲ್ಲ.

ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಜೋರಾಗಿ ಎಳೆಯುತ್ತಾಳೆಯೇ? ಕೂತು ಮುಂದಕ್ಕೆ ಬಾಗಿ ನಿದ್ದೆ ಮಾಡುತ್ತಾಳೆಯೇ? ಮೊಬೈಲಿನಲ್ಲಿ ಚಿತ್ರೀಕರಿಸಿ ಇಎನ್‌ಟಿ ವೈದ್ಯರಿಗೆ ತೋರಿಸಿ. ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಶಸ್ತ್ರಚಿಕಿತ್ಸೆ ಬೇಕಾದರೆ, ಕುತ್ತಿಗೆಯ ಮೇಲಿನ ಮೂಳೆಗಳ ಹಿಡಿತ ಸಡಿಲವಿರಬಹುದು ಎಂಬುದನ್ನು ಅರಿವಳಿಕೆ ವೈದ್ಯರಿಗೆ ನೆನಪಿಸಿ.

ಇದರ ಜೊತೆಗೇ ಕೈಸನ್ನೆ ಶುರುಮಾಡಿ. ಈ ಮಕ್ಕಳಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ‘ನೀರು’, ‘ಸಾಕು’, ‘ಇನ್ನೂ’ ಈ ಮೂರು ಮೊದಲಿಗೆ ಸಾಕು. ಪದ ಹೇಳುತ್ತಲೇ ಸನ್ನೆ ಮಾಡಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾಯಿರಿ. ಉತ್ತರ ಬರಲು ಅಷ್ಟು ಹೊತ್ತು ಬೇಕು; ನಾವು ಕಾಯದೆ ನಾವೇ ಹೇಳಿಬಿಡುತ್ತೇವೆ. ಸನ್ನೆ ಕಲಿತರೆ ಮಾತು ಬರುವುದಿಲ್ಲವೆಂಬ ಭಯಕ್ಕೆ ಆಧಾರವಿಲ್ಲ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವ ಏಳು ತಿಂಗಳ ಮಗ ರಾಗಿ ಸರಿಯನ್ನು ನಾಲಿಗೆಯಿಂದ ಹೊರದಬ್ಬುತ್ತಾನೆ. ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಹಾಕಿದರೆ ಕೆಮ್ಮುತ್ತಾನೆ.
– ಓದುಗರು, ತುಮಕೂರು

ಉತ್ತರ: ಅದು ಹಟವಲ್ಲ. ಸ್ನಾಯುಗಳು ಸಡಿಲ, ಬಾಯಿಯೊಳಗಿನ ಜಾಗ ಚಿಕ್ಕದು. ನಾಲಿಗೆ ಮುಂದಕ್ಕೇ ಬರುತ್ತದೆ. ಒಳಲೆ ಇಂದೇ ನಿಲ್ಲಿಸಿ. ಮಲಗಿಸಿ ಸುರಿದ ತೆಳು ಸರಿ ಶ್ವಾಸನಾಳಕ್ಕೆ ಜಾರಬಹುದು. ಬೆನ್ನು ನೇರ, ಪಾದಕ್ಕೆ ಆಸರೆ ಇರುವಂತೆ ಕೂರಿಸಿ. ಸರಿ ಚಮಚದಿಂದ ಸುರಿಯದಷ್ಟು ಗಟ್ಟಿಯಿರಲಿ. ಆಳವಿಲ್ಲದ ಪುಟ್ಟ ಚಮಚದ ತುದಿಯಲ್ಲಿ ತುಸುವೇ ತೆಗೆದುಕೊಂಡು, ನಾಲಿಗೆಯ ಮಧ್ಯಕ್ಕೆ ಮೆಲ್ಲಗೆ ಒತ್ತಿ. ತುಟಿ ಮುಚ್ಚಿದ ಮೇಲೆ ಚಮಚವನ್ನು ನೇರ ಹೊರಗೆಳೆಯಿರಿ. ಮೇಲ್ದುಟಿಗೆ ಒರೆಸಿ ತೆಗೆದರೆ ತುಟಿ ಮುಚ್ಚುವುದನ್ನು ಅವನು ಕಲಿಯುವುದಿಲ್ಲ.

ಇಷ್ಟಾದರೂ ಕೆಮ್ಮು ಬಂದರೆ, ಉಂಡ ಮೇಲೆ ಗಂಟಲು ಗೊರಗೊರ ಎಂದರೆ, ಪದೇ ಪದೇ ಕಫ ಕಟ್ಟಿದರೆ ನುಂಗುವಿಕೆಯ ತಪಾಸಣೆ ಬೇಕು. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ಗುರುತಿಸಿ ನೆರವಾಗುವ ಕೇಂದ್ರ) ವಿಚಾರಿಸಿ, ಅಲ್ಲಿ ಸೇವೆ ಉಚಿತ. ಹೃದಯದ ಎಕೋ ಸ್ಕ್ಯಾನ್ ಇನ್ನೂ ಆಗಿಲ್ಲವಾದರೆ ಅದು ಈ ವಾರವೇ ಆಗಲಿ: ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ, ಸ್ಟೆತಾಸ್ಕೋಪಿಗೆ ಅದು ಕೇಳಿಸದೆಯೂ ಇರಬಹುದು.