ಕೆಡವೋದೂ ಕೆಲಸವೇ, ಮೇಷ್ಟ್ರೇ!

ಪತ್ರ: ಕಳೆದ ಸಂಚಿಕೆಯಲ್ಲಿ ಪ್ರೋಟೀನ್ ಬಗ್ಗೆ ಐದು ಪುಟ ಬರೆಸಿದ್ದೀರಿ. ಜೀನ್ ಹೇಳಿದಂತೆ ಪ್ರೋಟೀನ್ ತಯಾರಾಗುತ್ತೆ, ಅಲ್ಲಿಗೆ ಕಥೆ ಮುಗೀತು. ಆಮೇಲೆ ಅದನ್ನು ಕೆಡವುವ ಗುಜರಿ ವ್ಯಾಪಾರಕ್ಕೆ ಇಷ್ಟು ಜಾಗ ಬೇಕಿತ್ತೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೇಷ್ಟ್ರೇ (ಕೈಬರಹ ನೋಡಿ ಹಾಗನಿಸಿತು), ಜೀನ್ ಮುಖ್ಯ, ಒಪ್ಪಿದೆ. ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದಕ್ಷರ ತಪ್ಪಿದರೂ ಸಿಕಲ್ ಸೆಲ್ ಕಾಯಿಲೆ ಬರಬಹುದು. ಆದರೆ 'ಗುಜರಿ' ಅಂದಿರಲ್ಲ, ಅದು ಚುಚ್ಚಿತು.

ರಸ್ತೆ ಅಗಲ ಮಾಡುವಾಗ ಕಡಿಯಬೇಕಾದ ಮರಕ್ಕೆ ಬಣ್ಣದಲ್ಲಿ ನಂಬರ್ ಬರೆದು ಹೋಗುತ್ತಾರೆ, ನೋಡಿದ್ದೀರಲ್ವಾ? ಕೋಶದೊಳಗೂ ಹಾಗೇ. ಕೆಡವಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ. ಬರೀ 76 ಅಮೈನೋ ಆಮ್ಲಗಳ ಪುಟಾಣಿ ಚೀಟಿ. ಇಂಥ ಚೀಟಿಗಳು ಒಂದಕ್ಕೊಂದು ಅಂಟಿ ಸರಪಳಿಯಾದ ಮೇಲೆ ಪ್ರೋಟಿಯಾಸೋಮ್ ಎಂಬ ಪೀಪಾಯಿ ಆ ಪ್ರೋಟೀನನ್ನು ಹಿಡಿಯುತ್ತದೆ. ಬಾಗಿಲಲ್ಲೇ ಚೀಟಿ ಕಿತ್ತು ವಾಪಸ್ ಬಿಡುತ್ತದೆ, ಇನ್ನೊಂದಕ್ಕೆ ಅಂಟಲಿ ಅಂತ! ಒಳಗೆ ಹೋದ ಪ್ರೋಟೀನ್ ಮಾತ್ರ ಚೂರುಚೂರು.

ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನ್ ಒಡೆಯಲು ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಬೇಡ. ಇಲ್ಲಿ ಬೇಕು. ಕೆಡವುವುದಕ್ಕೆ ಯಾರಾದರೂ ಸುಮ್ನೆ ದುಡ್ಡು ಸುರಿಯುತ್ತಾರೆಯೇ? ಈ ಒಗಟನ್ನು ಮೊಲದ ರಕ್ತಕಣಗಳ ರಸದಲ್ಲಿ ಬಿಡಿಸಿದ ಚೀಹನೋವರ್, ಹರ್ಶ್ಕೋ, ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಜರಿಗೆ ನೊಬೆಲ್, ಮೇಷ್ಟ್ರೇ!

ಪಿ53 ನೋಡಿ. ಕ್ಯಾನ್ಸರ್ ತಡೆಯುವ ಈ ಪ್ರೋಟೀನನ್ನು ಕೋಶ ತಯಾರಿಸುತ್ತಲೇ ಇರುತ್ತದೆ, ಕೆಡವುತ್ತಲೇ ಇರುತ್ತದೆ. ದಂಡ ಅನಿಸುತ್ತೆ. ಆದರೆ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53ಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಚೀಟಿ ಅಂಟಿಸುವ ಎಮ್‌ಡಿಎಮ್2 ಎಂಬ ಇನ್ನೊಂದು ಪ್ರೋಟೀನಿನ ಹಿಡಿತ ಸಡಿಲವಾಗುತ್ತದೆ. ತಯಾರಿ ಎಂದಿನಂತೆ ನಡೆದರೂ ಸಾಕು, ಕೆಡವುವುದು ನಿಂತಿದ್ದಕ್ಕೇ ಪಿ53 ರಾಶಿ ಬೀಳುತ್ತದೆ. ಜೀನ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ನಮ್ಮಲ್ಲಿ ಕಟ್ಟಿದವರಿಗೆ ಹಾರ, ತೆಗೆದವರಿಗೆ ಏನೂ ಇಲ್ಲ. ಕೆರೆಗೆ ಬಾಗಿನ ಬಿಡಲು ಶಾಮಿಯಾನ ಹಾಕುತ್ತಾರೆ. ಹೂಳೆತ್ತೋಣ ಅಂದರೆ ಫೋನ್ ಎತ್ತುವವರಿಲ್ಲ. ನಮ್ಮ ಪತ್ರಿಕೆ ಕೆಲಸವೂ ಅಷ್ಟೇ. ನನ್ನ ಮೊದಲ ಲೇಖನ ಎಂಟು ಹಾಳೆ ಇತ್ತು. ಹಿರಿಯರೊಬ್ಬರು ಕೆಂಪು ಪೆನ್ನು ಹಿಡಿದು ಎರಡೂವರೆ ಉಳಿಸಿದರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಈಗ ಪೆನ್ನು ನನ್ನ ಕೈಲಿದೆ, ಬೈಗುಳವೂ ನನಗೇ. ಮೊನ್ನೆ ಕವಿಯೊಬ್ಬರು ಒಂದು ಚರಣ ತೆಗೆದದ್ದಕ್ಕೆ ಚಂದಾ ವಾಪಸ್ ಕೇಳಿದರು.

ಅಂದಹಾಗೆ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಮೇಲೆ ಅಚ್ಚಾಗಿರುವುದು ಅದರಲ್ಲಿ ಉಳಿದದ್ದು.