ಗ್ರೀಸ್‌ನ ಫುಟ್‌ಬಾಲ್ ಕ್ಲಬ್ ಒಲಿಂಪಿಯಾಕೋಸ್ ಯಾವಾಗಲೂ ಗೆಲ್ಲುವ ತಂಡ. ಅದರ ಅಭಿಮಾನಿಗಳಿಗೆ ಬೇಜಾರಾಗಲ್ವಾ?

ಖಂಡಿತ ಇಲ್ಲ. 2025ರ ಹೊತ್ತಿಗೆ ಈ ತಂಡ ಗ್ರೀಸ್‌ನ ಲೀಗನ್ನು 48 ಸಲ ಗೆದ್ದಿದೆ, ನಿಜ. ಆದರೆ ಗೆದ್ದಷ್ಟೂ ನಿರೀಕ್ಷೆ ಜಾಸ್ತಿಯಾಗುತ್ತದೆ. ಅಲ್ಲಿ ಎರಡನೇ ಸ್ಥಾನ ಅಂದರೆ ಸೋಲೇ. ಅಥೆನ್ಸ್‌ನ ಬದ್ಧವೈರಿ ತಂಡ ಪನಾಥಿನೈಕೋಸ್ ಎದುರು ಸೋತರಂತೂ ಕೇಳಲೇಬೇಡಿ.

ಅಭಿಮಾನ ನಿಂತಿರುವುದು ಬರೀ ಕಪ್‌ಗಳ ಮೇಲಲ್ಲ. ಪಿರೇಯಸ್ ಬಂದರು ಊರಿನಲ್ಲಿ 1925ರಲ್ಲಿ ಹುಟ್ಟಿದ ಕ್ಲಬ್ ಇದು. 1981ರ ಫೆಬ್ರವರಿ 8ರಂದು ಅಥೆನ್ಸ್‌ನ ಎಇಕೆ ತಂಡವನ್ನು 6-0ಯಿಂದ ಸೋಲಿಸಿದ ಖುಷಿಯಲ್ಲಿ ಜನ ತಮ್ಮ ಸ್ಟೇಡಿಯಂನ 7ನೇ ಗೇಟಿನ ಮೆಟ್ಟಿಲುಗಳಲ್ಲಿ ನುಗ್ಗಿದರು. ಕಾಲ್ತುಳಿತದಲ್ಲಿ 21 ಜನ ಸತ್ತರು. ಈಗಿನ ಕರೈಸ್ಕಾಕಿಸ್ ಸ್ಟೇಡಿಯಂನ ಕೆಂಪು ಕುರ್ಚಿಗಳ ನಡುವೆ ಕೆಲವು ಕಪ್ಪು ಕುರ್ಚಿಗಳಿವೆ. ದೂರದಿಂದ ನೋಡಿದರೆ 7 ಅಂತ ಕಾಣುತ್ತದೆ. ‘ಸಹೋದರರೇ, ನೀವು ಬದುಕಿದ್ದೀರಿ, ನೀವೇ ನಮಗೆ ದಾರಿ ತೋರಿಸುತ್ತೀರಿ’ ಅಂತ ಅಭಿಮಾನಿಗಳು ಇವತ್ತಿಗೂ ಕೂಗುತ್ತಾರೆ. ಮೊದಲು ಇದನ್ನು ತಿಳಿದುಕೊಳ್ಳಿ, ಆಮೇಲೆ ಜರ್ಸಿ ಕೊಳ್ಳಿ.

ಇನ್ನು ಯೂರೋಪ್. ದಶಕಗಳಿಂದ ಕೈಗೆ ಸಿಗದೇ ಇದ್ದದ್ದು ಅಲ್ಲಿನ ಕಪ್. 2024ರ ಮೇ 29ರಂದು ಯೂರೋಪಿನ ಕ್ಲಬ್‌ಗಳ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಫೈನಲ್, ಎದುರಿಗೆ ಇಟಲಿಯ ಫಿಯೊರೆಂಟಿನಾ. ನಡೆದದ್ದು ಅಥೆನ್ಸ್‌ನಲ್ಲೇ, ಅದೂ ತವರಿನ ವೈರಿ ಎಇಕೆಯ ಮೈದಾನದಲ್ಲಿ! 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 116ನೇ ನಿಮಿಷಕ್ಕೆ, ಒಲಿಂಪಿಯಾಕೋಸ್‌ನ ಅಯೂಬ್ ಎಲ್ ಕಾಬಿ ತಲೆಯಿಂದ ಗೋಲು ಹೊಡೆದರು. ಆಫ್‌ಸೈಡ್ ಇರಬಹುದಾ ಅಂತ ವಿಡಿಯೋ ನೋಡಿ ತೀರ್ಪು ಕೊಡುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಗೋಲು ಉಳಿಯಿತು. ಯೂರೋಪಿನ ಕಪ್ ಗೆದ್ದ ಮೊದಲ ಗ್ರೀಕ್ ಫುಟ್‌ಬಾಲ್ ಕ್ಲಬ್ ಇದೇ. ಹುಡುಗರ ತಂಡವೂ ಆ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನನ್ನು 3-0ಯಿಂದ ಸೋಲಿಸಿ ಯೂರೋಪಿನ ಕಿರಿಯರ ಟೂರ್ನಿ ಯೂತ್ ಲೀಗ್ ಗೆದ್ದಿತ್ತು.